ಕಡಲಕಳೆಯ ಸಕ್ಕರೆ, ಎರೆಮಣ್ಣಿನ ಬೇರು

ತಿಕೋಟಾ ಭಾಗದ ದ್ರಾಕ್ಷಿ ಪಡಗಳಲ್ಲಿ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಹತ್ತಿರ ಬಂದಾಗ, ಮುಧೋಳ, ಜಮಖಂಡಿ, ರಾಯಬಾಗ ಕಡೆಗೆ ಕಬ್ಬಿನ ಸಸಿ ನಾಟಿ ಶುರುವಾಗುವ ಹೊತ್ತಿಗೆ, ಗೊಬ್ಬರದ ಅಂಗಡಿಗಳ ಕಟ್ಟೆಯ ಮೇಲೆ ಕಪ್ಪುಕಂದು ದ್ರವದ ಡಬ್ಬಿಗಳು ಸಾಲಾಗಿ ಬಂದು ನಿಲ್ಲುತ್ತವೆ. ರೈತರು ಇದನ್ನು ‘ಬೇರಿನ ಟಾನಿಕ್’ ಎಂದು ಕೇಳಿ ಒಯ್ಯುತ್ತಾರೆ. ಡಬ್ಬಿಯ ಮೇಲೆ ‘ಕಡಲಕಳೆಯ ಸಾರ’ ಎಂದಿರುತ್ತದೆ; ಈಚೆಗೆ ಕೆಲವು ಡಬ್ಬಿಗಳ ಮೇಲೆ ‘ಆಲ್ಜಿನೇಟ್’, ‘ಆಲಿಗೊಸ್ಯಾಕರೈಡ್’ ಎಂಬ ಪದಗಳೂ ಕಾಣಿಸಿಕೊಂಡಿವೆ. ಕಡಲಿನಿಂದ ಘಟ್ಟ ದಾಟಿ ಬಂದ ಈ ವಸ್ತು ಎರೆಮಣ್ಣಿನ ಕಬ್ಬಿಗೆ ಏನು ಮಾಡೀತು ಎಂಬ ಪ್ರಶ್ನೆ ಸಹಜವಾದದ್ದು.

ಪ್ರಶ್ನೆಗೆ ಇನ್ನೊಂದು ಕಾರಣವೂ ಇದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ಇಂತಹ ವಸ್ತುಗಳನ್ನು ‘ಜೈವಿಕ ಉತ್ತೇಜಕ’ ಎಂಬ ಹೆಸರಿನಲ್ಲಿ ಮೊದಲ ಬಾರಿಗೆ ಕಾನೂನಿನ ಚೌಕಟ್ಟಿಗೆ ಸೇರಿಸಿತು. ಹಲವು ವರ್ಷ ಇಂತಹ ಸುಮಾರು 30,000 ಉತ್ಪನ್ನಗಳು ತಪಾಸಣೆಯಿಲ್ಲದೆ ಮಾರಾಟವಾಗುತ್ತಿದ್ದವು, ಈಗ ಅವುಗಳ ಸಂಖ್ಯೆ ಸುಮಾರು 650ಕ್ಕೆ ಇಳಿದಿದೆ ಎಂದು 2025ರ ಜುಲೈನಲ್ಲಿ ಕೇಂದ್ರ ಕೃಷಿ ಸಚಿವರೇ ಹೇಳಿದರು. ಕಪಾಟಿನಲ್ಲಿದ್ದ ಡಬ್ಬಿಗಳಲ್ಲಿ ಬಹುಪಾಲು ಹೀಗೆ ಮರೆಯಾಗುವಾಗ, ಉಳಿದವುಗಳ ಒಳಗೆ ಏನಿದೆ ಎಂದು ತಿಳಿದುಕೊಳ್ಳುವುದು ಕೊಳ್ಳುವವರಿಗೆ ಅಗತ್ಯ.

ಕಡಲಕಳೆ ಎಂಬುದು ಕಳೆಯಲ್ಲ

ಹೆಸರಿನಲ್ಲಿ ಕಳೆ ಎಂದಿದ್ದರೂ ಇದು ಹೊಲದ ಕರಕಿ, ಜೇಕಿನ ಜಾತಿಯದಲ್ಲ. ಬಾವಿಯ ಕಲ್ಲಿಗೆ, ಕಾಲುವೆಯ ಅಂಚಿಗೆ ಅಂಟುವ ಪಾಚಿಯ ದೊಡ್ಡ ಬಂಧು ಇದು. ಕಡಲಿನಲ್ಲಿ ಕೆಲವು ಜಾತಿಗಳು ಹತ್ತಾರು ಅಡಿ ಉದ್ದ ಬೆಳೆಯುತ್ತವೆ. ಇದಕ್ಕೆ ನಿಜವಾದ ಬೇರು ಇಲ್ಲ. ಬಂಡೆಯನ್ನು ಹಿಡಿದುಕೊಳ್ಳಲು ಒಂದು ಹಿಡಿಕೆಯಂತಹ ಭಾಗವಿರುತ್ತದೆಯೇ ಹೊರತು, ನೀರು ಮತ್ತು ಲವಣಗಳನ್ನು ಮೈಯೆಲ್ಲ ನೇರವಾಗಿ ಹೀರಿಕೊಳ್ಳುತ್ತದೆ. ಬೇರೇ ಇಲ್ಲದ ಜೀವಿಯ ಸಾರವು ಇನ್ನೊಂದರ ಬೇರು ಬೆಳೆಸುತ್ತದೆ ಎಂಬುದು ಸ್ವಲ್ಪ ತಮಾಷೆಯಾಗಿ ಕಂಡರೂ ಮುಂದೆ ಅದರ ಕಾರಣ ಸ್ಪಷ್ಟವಾಗುತ್ತದೆ.

ಬಣ್ಣದ ಮೇಲೆ ಕಡಲಕಳೆಗಳನ್ನು ಕಂದು, ಕೆಂಪು, ಹಸಿರು ಎಂದು ವಿಂಗಡಿಸುತ್ತಾರೆ. ಕೃಷಿ ಸಾರಗಳಿಗೆ ಹೆಚ್ಚು ಬಳಕೆಯಾಗುವುದು ಕಂದು ಜಾತಿಗಳು; ಅವುಗಳಲ್ಲಿ ಆಸ್ಕೊಫಿಲಮ್ ಎಂಬುದು ಕೆನಡಾ, ಐರ್ಲೆಂಡ್, ನಾರ್ವೆಗಳ ತಣ್ಣನೆಯ ಅಟ್ಲಾಂಟಿಕ್ ತೀರದ್ದು. ನಮ್ಮ ದೇಶದಲ್ಲಿ ಬೆಳೆಸುವುದು ಮುಖ್ಯವಾಗಿ ಕೆಂಪು ಗುಂಪಿಗೆ ಸೇರಿದ ಕಪ್ಪಾಫೈಕಸ್ ಎಂಬ ಜಾತಿಯನ್ನು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಕರಾವಳಿಯಲ್ಲಿ, ಬಿದಿರಿನ ತೆಪ್ಪಗಳಿಗೆ ಕಟ್ಟಿದ ಹಗ್ಗಗಳಲ್ಲಿ ಇದರ ತುಂಡುಗಳನ್ನು ಸಿಕ್ಕಿಸಿ, ಸುಮಾರು 45 ದಿನಕ್ಕೊಮ್ಮೆ ಕೊಯ್ಲು ಮಾಡುತ್ತಾರೆ. ಈ ದುಡಿಮೆಯಲ್ಲಿ ಹೆಂಗಸರೇ ಹೆಚ್ಚು. ಕೊಯ್ದ ಹಸಿ ಕಳೆಯನ್ನು ಅರೆದು ರಸ ಹಿಂಡುವ ವಿಧಾನವನ್ನು ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯು ರೂಪಿಸಿತು. ಕಬ್ಬಿನ ಗಾಣ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ: ರಸ ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ. ರಸವು ಬೆಳೆಗೆ ಸಿಂಪರಣೆಯಾಗಿ ಹೋದರೆ, ಸಿಪ್ಪೆಯಿಂದ ಕ್ಯಾರಜೀನನ್ ಎಂಬ ಲೋಳೆಯನ್ನು ತೆಗೆಯುತ್ತಾರೆ.

ಸಕ್ಕರೆಯ ಸರಪಣಿ

ಕಾರ್ಬೋಹೈಡ್ರೇಟ್ ಎಂದರೆ ಸಕ್ಕರೆ ಮತ್ತು ಸಕ್ಕರೆಯಿಂದ ಕಟ್ಟಿದ ವಸ್ತುಗಳು. ಚಹಕ್ಕೆ ಹಾಕುವ ಸಕ್ಕರೆಯಲ್ಲಿ ಇರುವುದು ಎರಡೇ ಕೊಂಡಿ: ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್. ಇಂತಹ ಕೊಂಡಿಗಳು ನೂರಾರು, ಸಾವಿರಾರು ಸೇರಿ ಉದ್ದನೆಯ ಸರಪಣಿಯಾದಾಗ ಸಿಹಿ ಹೋಗಿ ಬೇರೆಯೇ ಗುಣ ಬರುತ್ತದೆ. ಜೋಳದ ಹಿಟ್ಟಿನಲ್ಲಿರುವ ಪಿಷ್ಟವೂ ಹತ್ತಿಯ ಎಳೆಯೂ ಗ್ಲೂಕೋಸಿನ ಸರಪಣಿಗಳೇ. ಕೊಂಡಿಗಳನ್ನು ಜೋಡಿಸಿದ ರೀತಿ ಬೇರೆಯಾದ್ದರಿಂದ ಒಂದು ರೊಟ್ಟಿಯಾಗುತ್ತದೆ, ಇನ್ನೊಂದು ಅಂಗಿಯಾಗುತ್ತದೆ.

ಕಡಲಕಳೆಯು ತನ್ನದೇ ಆದ ಕೆಲವು ಸರಪಣಿಗಳನ್ನು ಕಟ್ಟುತ್ತದೆ. ಅಲೆಯ ಹೊಡೆತಕ್ಕೆ ಮುರಿಯದಂತೆ ಬಾಗಬೇಕು, ನೀರು ಇಳಿದಾಗ ಬಿಸಿಲಿಗೆ ಒಣಗದಂತೆ ತೇವ ಹಿಡಿದಿಟ್ಟುಕೊಳ್ಳಬೇಕು. ಆದ್ದರಿಂದ ಅದರ ಮೈಯಲ್ಲಿ ಗಟ್ಟಿ ಎಳೆಗಿಂತ ಲೋಳೆಯ ಪಾಲು ಹೆಚ್ಚು. ಕಂದು ಜಾತಿಗಳಲ್ಲಿ ಆಲ್ಜಿನೇಟ್, ಲ್ಯಾಮಿನರಿನ್ ಮತ್ತು ಫ್ಯೂಕೊಯ್ಡನ್, ಕೆಂಪು ಜಾತಿಗಳಲ್ಲಿ ಅಗರ್ ಮತ್ತು ಕ್ಯಾರಜೀನನ್, ಹಸಿರಿನಲ್ಲಿ ಉಲ್ವನ್ ಸಿಗುತ್ತವೆ. ಹೆಸರು ಹೊಸದಾದರೂ ವಸ್ತು ನಮಗೆ ಅಪರಿಚಿತವಲ್ಲ. ಕಿರಾಣಿ ಅಂಗಡಿಯಲ್ಲಿ ಸಿಗುವ ಚೈನಾ ಗ್ರಾಸ್ ಎಂದರೆ ಕೆಂಪು ಕಡಲಕಳೆಯ ಅಗರ್. ಹಲ್ಲು ಕಟ್ಟಿಸಲು ಹೋದಾಗ ದಂತವೈದ್ಯರು ತಟ್ಟೆಯಲ್ಲಿ ಕಲಸಿ ಬಾಯಿಗಿಟ್ಟು, ಎರಡು ಮೂರು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾದ ಮೇಲೆ ಎಳೆದು ತೆಗೆಯುವ ಅಚ್ಚಿನ ಹಿಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಆಲ್ಜಿನೇಟ್. ಒಣಗಿದ ಕಂದು ಕಳೆಯ ತೂಕದಲ್ಲಿ ಇದು ನೂರಕ್ಕೆ 20ರಿಂದ 40ರಷ್ಟು ಇರಬಹುದು. 1880ರ ದಶಕದಲ್ಲಿ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಸ್ಟ್ಯಾನ್‌ಫರ್ಡ್ ಇದನ್ನು ಮೊದಲು ಬೇರ್ಪಡಿಸಿದರು. ಬೇರಿನ ವಿಷಯದಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವ ಸರಪಣಿಗಳಲ್ಲಿ ಇದೂ ಒಂದಾದ್ದರಿಂದ ಮುಂದಿನ ಮಾತು ಮುಖ್ಯವಾಗಿ ಇದರ ಸುತ್ತಲೇ ಇರುತ್ತದೆ.

ಇಡೀ ಸರಪಣಿ ಬೇಡ, ತುಂಡು ಬೇಕು

ಉದ್ದನೆಯ ಆಲ್ಜಿನೇಟ್ ಸರಪಣಿಯನ್ನು ಗಿಡದ ಬುಡಕ್ಕೆ ಸುರಿದರೆ ಅದು ಲೋಳೆಯಾಗಿ ಮಣ್ಣಿನಲ್ಲಿ ಉಳಿಯುತ್ತದೆ. ತೇವ ಹಿಡಿಯುವುದು, ಮಣ್ಣಿನ ಕಣಗಳನ್ನು ಒಟ್ಟುಗೂಡಿಸುವುದು, ಸೂಕ್ಷ್ಮಜೀವಿಗಳಿಗೆ ಆಹಾರವಾಗುವುದು, ಇವು ಅದರಿಂದ ಆಗುವ ಕೆಲಸಗಳು. ಆದರೆ ಆ ಸರಪಣಿ ಬೇರಿನ ಜೀವಕೋಶಗಳೊಡನೆ ನೇರವಾಗಿ ವ್ಯವಹರಿಸಲಾರದಷ್ಟು ದೊಡ್ಡದು. ಅದನ್ನೇ ಎರಡರಿಂದ ಹತ್ತು, ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ಕೊಂಡಿಗಳ ಚೂರುಗಳಾಗಿ ಕತ್ತರಿಸಿದಾಗ ಅದರ ನಡವಳಿಕೆಯೇ ಬದಲಾಗುತ್ತದೆ. ಇಂತಹ ಚೂರಿಗೆ ಆಲಿಗೊಸ್ಯಾಕರೈಡ್ ಎಂದು ಹೆಸರು. ಈ ಲೇಖನದಲ್ಲಿ ‘ತುಂಡು ಸಕ್ಕರೆ’ ಎನ್ನೋಣ.

ಕತ್ತರಿಸುವ ದಾರಿಗಳು ಹಲವು. ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಹಳೆಯ ವಿಧಾನವೆಂದರೆ ಕಳೆಯನ್ನು ಪೊಟ್ಯಾಶಿಯಂ ಕ್ಷಾರದೊಂದಿಗೆ ಬಿಸಿಮಾಡುವುದು. ಇಲ್ಲಿ ಸರಪಣಿ ಎಲ್ಲೆಂದರಲ್ಲಿ ಒಡೆಯುತ್ತದೆ. ಆಲ್ಜಿನೇಟ್ ಲೈಯೇಸ್ ಎಂಬ ಕಿಣ್ವದಿಂದ ಕತ್ತರಿಸುವುದು ಎರಡನೆಯದು. ಕಡಲಕಳೆಯನ್ನು ತಿಂದು ಬದುಕುವ ಸಮುದ್ರದ ಬ್ಯಾಕ್ಟೀರಿಯಾಗಳೂ ಕೆಲವು ಜಾತಿಯ ಶಂಖದ ಹುಳುಗಳೂ ಈ ಕಿಣ್ವವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಕಬ್ಬನ್ನು ಕೊಡಲಿಯಿಂದ ಹೊಡೆಯುವುದಕ್ಕೂ ಗೆಣ್ಣು ನೋಡಿ ಕುಡುಗೋಲಿನಿಂದ ಕತ್ತರಿಸುವುದಕ್ಕೂ ಇರುವ ವ್ಯತ್ಯಾಸ ಇವೆರಡರ ನಡುವೆ ಇದೆ. ಕೋಬಾಲ್ಟ್-60 ಹೊರಸೂಸುವ ಗಾಮಾ ಕಿರಣಗಳಿಂದ ಒಡೆಯುವುದು ಮೂರನೆಯ ದಾರಿ. ಹೀಗೆ ಕಿರಣಕ್ಕೊಡ್ಡಿದ ವಸ್ತು ವಿಕಿರಣವನ್ನು ಹೊರಸೂಸುವುದಿಲ್ಲ. ಬಿಸಿಲಿಗೆ ಒಣಗಿಸಿದ ಮೆಣಸಿನಕಾಯಿ ಕತ್ತಲಲ್ಲಿ ಹೊಳೆಯುವುದಿಲ್ಲವಲ್ಲ, ಹಾಗೆ. ಫಿಲಿಪೀನ್ಸ್ ದೇಶದಲ್ಲಿ ಕ್ಯಾರಜೀನನ್ನನ್ನು ಹೀಗೆ ಒಡೆದು ಭತ್ತಕ್ಕೆ ಬಳಸಿದ್ದಾರೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಗಾಮಾ ಕಿರಣದಿಂದ ಒಡೆದ ಆಲ್ಜಿನೇಟನ್ನು ಪುದೀನದಂತಹ ಸುಗಂಧ ಬೆಳೆಗಳ ಮೇಲೆ ಪ್ರಯೋಗಿಸಿದ್ದಾರೆ.

ಬೇರು ಬೆಳೆಯುವ ಬಗೆ

ಕಬ್ಬಿನ ಒಂಟಿ ಕಣ್ಣಿನ ತುಂಡೊಂದನ್ನು ಕೈಯಲ್ಲಿ ಹಿಡಿದು ಗೆಣ್ಣಿನ ಸುತ್ತ ನೋಡಿದರೆ ಸೂಜಿಮೊನೆಯಷ್ಟು ಚುಕ್ಕೆಗಳ ಒಂದೆರಡು ಸಾಲು ಉಂಗುರದಂತೆ ಕಾಣುತ್ತವೆ. ತೇವ ಸಿಕ್ಕ ಕೂಡಲೇ ಈ ಚುಕ್ಕೆಗಳಿಂದ ಎಳೆಯ ದಾರದಂತಹ ಬೇರುಗಳು ಹೊರಬರುತ್ತವೆ. ಇವು ಬೀಜದ ತುಂಡಿನ ಬೇರುಗಳು. ಕೆಲವು ವಾರ ಮಾತ್ರ ಬದುಕುತ್ತವೆ. ಅಷ್ಟರಲ್ಲಿ ಮೊಳಕೆಯ ಬುಡದಿಂದ ಬೆಳ್ಳಗಿನ, ದಪ್ಪನೆಯ ಬೇರುಗಳು ಒಡೆದು ಗಿಡದ ಹೊಣೆಯನ್ನು ವಹಿಸಿಕೊಳ್ಳಬೇಕು. ಹಳೆಯ ಬೇರು ಸೋಲುವ ಮೊದಲು ಹೊಸ ಬೇರು ಹಿಡಿಯದಿದ್ದರೆ ಸಸಿ ಕುಂಠಿತವಾಗಿ ನಿಲ್ಲುತ್ತದೆ. ದ್ರಾಕ್ಷಿ ಬೆಳೆಗಾರರು ‘ಬಿಳಿ ಬೇರು ಓಡಬೇಕು’ ಎನ್ನುವಾಗ ಅವರ ಮನಸ್ಸಿನಲ್ಲಿರುವುದೂ ಇಂತಹ ಹೊಸ ಬೇರುಗಳೇ. ಕಂದು ಬಣ್ಣಕ್ಕೆ ತಿರುಗಿದ ಹಳೆಯ ಬೇರು ಬಳ್ಳಿಯನ್ನು ಹಿಡಿದು ನಿಲ್ಲಿಸುತ್ತದೆ, ನೀರು ಮತ್ತು ಪೋಷಕಗಳನ್ನು ಹೆಚ್ಚಾಗಿ ಎಳೆಯುವುದು ಎಳೆಯ ತುದಿಗಳು ಮತ್ತು ಅವುಗಳ ಹಿಂದಿರುವ ಕೂದಲುಬೇರುಗಳು.

ಎಲ್ಲಿ ಕವಲೊಡೆಯಬೇಕು, ಎಷ್ಟು ಉದ್ದ ಹೋಗಬೇಕು ಎಂಬುದನ್ನು ಗಿಡ ತನ್ನೊಳಗಿನ ಸಂದೇಶವಾಹಕಗಳ ಮೂಲಕ ತೀರ್ಮಾನಿಸುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಆಕ್ಸಿನ್ ಎಂಬ ಹಾರ್ಮೋನು. ಎಳೆಯ ಎಲೆ ಮತ್ತು ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಕೆಳಗೆ ಇಳಿದು, ಬೇರಿನ ಒಳಪದರದ ಕೆಲವು ಜೀವಕೋಶಗಳಿಗೆ ‘ಇಲ್ಲಿ ಕವಲೊಡೆ’ ಎಂಬ ಸೂಚನೆಯಾಗುತ್ತದೆ. ನರ್ಸರಿಯವರು ಕಡ್ಡಿಯ ತುದಿಗೆ ಹಚ್ಚುವ ಬೇರು ಬರಿಸುವ ಪುಡಿಯಲ್ಲಿರುವುದು ಪ್ರಯೋಗಾಲಯದಲ್ಲಿ ತಯಾರಾದ ಆಕ್ಸಿನ್. ಆದರೆ ಹೆಚ್ಚಾದರೆ ಇದೇ ಆಕ್ಸಿನ್ ಬೇರಿನ ಉದ್ದವನ್ನು ತಡೆಯುತ್ತದೆ.

ತುಂಡು ಸಕ್ಕರೆ ಹೇಳುವ ಸುದ್ದಿ

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ಸಕ್ಕರೆ ಎಂದ ಕೂಡಲೇ ಗಿಡಕ್ಕೆ ಆಹಾರ ಕೊಟ್ಟಂತೆ ಎಂದು ಅನೇಕರು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಇದು ನಿಲ್ಲುವುದಿಲ್ಲ. ಪ್ರಯೋಗಗಳಲ್ಲಿ ಒಡೆದ ಆಲ್ಜಿನೇಟನ್ನು ಬಳಸುವುದು ಲೀಟರ್ ನೀರಿಗೆ ಸುಮಾರು 20ರಿಂದ 100 ಮಿಲಿಗ್ರಾಂ ಪ್ರಮಾಣದಲ್ಲಿ. ಲೀಟರಿಗೆ 80 ಮಿಲಿಗ್ರಾಂ ಎಂದಿಟ್ಟುಕೊಂಡು ಎಕರೆಗೆ 200 ಲೀಟರ್ ಸಿಂಪಡಿಸಿದರೆ ಒಟ್ಟು ಹೋಗುವುದು 16 ಗ್ರಾಂ, ಅಂದರೆ ನಾಲ್ಕು ಚಮಚ ಸಕ್ಕರೆಯಷ್ಟು. ಎಕರೆಗೆ ಹತ್ತಾರು ಟನ್ ತೂಗುವ ಕಬ್ಬಿಗೆ ಇದು ಊಟವಾಗಲಾರದು. ಕಬ್ಬು ತನ್ನ ಸಕ್ಕರೆಯನ್ನು ಬಿಸಿಲು, ಗಾಳಿ, ನೀರಿನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಕಡಲಿನಿಂದ ಸಾಲ ತರುವ ಅಗತ್ಯವಿಲ್ಲ. ಈ 16 ಗ್ರಾಂ ಮುಟ್ಟಿಸುವುದು ಬರೀ ಸುದ್ದಿಯನ್ನು.

ಸುದ್ದಿ ಏನು ಎಂಬುದಕ್ಕೆ ನಮ್ಮ ಕಡೆಯ ಹಳೆಯ ಮಣ್ಣಿನ ಮನೆಯನ್ನು ನೆನೆಸಿಕೊಳ್ಳಬಹುದು. ಗೋಡೆ ಗೋಡೆಯಾಗಿ ನಿಂತಿರುವಾಗ ಅದರ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಬೆಳಿಗ್ಗೆ ಎದ್ದಾಗ ನೆಲದ ಮೇಲೆ ನಾಲ್ಕು ಹೆಂಟೆ ಉದುರಿ ಬಿದ್ದಿದ್ದರೆ ಮನೆಯವರೆಲ್ಲ ತಲೆಯೆತ್ತಿ ಗೋಡೆ ನೋಡುತ್ತಾರೆ. ಸಸ್ಯದ ಜೀವಕೋಶಗಳ ಸುತ್ತಲೂ ಇಂತಹದೇ ಗೋಡೆಯಿದೆ, ಅದರ ಗಾರೆಯಲ್ಲಿ ಪೆಕ್ಟಿನ್ ಎಂಬ ಸಕ್ಕರೆ ಸರಪಣಿಯಿದೆ. ಇಂಡಿ ಲಿಂಬೆಯ ಸಿಪ್ಪೆಯ ಒಳಗಿನ ಬಿಳಿ ಭಾಗದಲ್ಲಿ ತುಂಬಿರುವುದು, ಪೇರಲ ಜೆಲ್ಲಿಯನ್ನು ಗಟ್ಟಿಮಾಡುವುದು ಇದೇ. ಶಿಲೀಂಧ್ರವೋ ಹುಳುವೋ ಗೋಡೆಯನ್ನು ಕೊರೆದಾಗ ಪೆಕ್ಟಿನ್ನಿನ ಚೂರುಗಳು ಬಿಡುಗಡೆಯಾಗುತ್ತವೆ, ಗಿಡ ಅವನ್ನು ಗುರುತಿಸಿ ಎಚ್ಚರಗೊಳ್ಳುತ್ತದೆ. ಕಡಲಕಳೆಯ ಆಲ್ಜಿನೇಟ್ ರಚನೆಯಲ್ಲಿ ಪೆಕ್ಟಿನ್ನಿನ ಹತ್ತಿರದ ನೆಂಟ. ಎರಡೂ ಆಮ್ಲಗುಣದ ಸಕ್ಕರೆಗಳ ಸರಪಣಿಗಳು, ಎರಡೂ ಕ್ಯಾಲ್ಸಿಯಂ ಸಿಕ್ಕರೆ ಗಟ್ಟಿಯಾಗುತ್ತವೆ. ಲ್ಯಾಮಿನರಿನ್ ಎಂಬ ಇನ್ನೊಂದು ಸರಪಣಿಯಂತೂ ಶಿಲೀಂಧ್ರಗಳ ಗೋಡೆಯ ಸಕ್ಕರೆಯನ್ನು ಹೋಲುವುದರಿಂದ ಅದರ ಸುದ್ದಿ ಬೇರಿಗಿಂತ ಹೆಚ್ಚಾಗಿ ರೋಗನಿರೋಧಕ್ಕೆ ಸಂಬಂಧಿಸಿದ್ದು.

ಚೂರು ತಗುಲಿದ ಮೇಲೆ ಬೇರಿನೊಳಗೆ ನಡೆಯುವ ಕೆಲಸವನ್ನು ಸಂಶೋಧಕರು ಹಂತ ಹಂತವಾಗಿ ನೋಡಿದ್ದಾರೆ. ಗೋಧಿಯ ಸಸಿಗಳಿಗೆ ಆಲ್ಜಿನೇಟಿನ ತುಂಡು ಸಕ್ಕರೆ ಕೊಟ್ಟಾಗ ಬೇರಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಪ್ರಮಾಣ ಹೆಚ್ಚಿತು. ಆ ಅನಿಲವನ್ನು ಹೀರಿಬಿಡುವ ವಸ್ತುವನ್ನು ಜೊತೆಗೆ ಸೇರಿಸಿದಾಗ ಬೇರಿನ ಹೆಚ್ಚುವರಿ ಬೆಳವಣಿಗೆಯೂ ನಿಂತಿತು. ನೈಟ್ರಿಕ್ ಆಕ್ಸೈಡ್ ಈ ದಾರಿಯ ಒಂದು ಕೊಂಡಿ ಎಂದು ಹೇಳಲು ಆಧಾರ ಇದೇ. ಭತ್ತದಲ್ಲಿ ನಡೆದ ಕೆಲಸವು ತುಂಡು ಸಕ್ಕರೆ ಪಡೆದ ಬೇರುಗಳಲ್ಲಿ ಆಕ್ಸಿನ್ ಹೆಚ್ಚಿದ್ದನ್ನೂ, ಆಕ್ಸಿನ್ ತಯಾರಿಸುವ ಜೀನುಗಳು ಚುರುಕಾದದ್ದನ್ನೂ ತೋರಿಸಿತು. ಆಸ್ಕೊಫಿಲಮ್ ಸಾರದ ಬಗ್ಗೆಯೂ ಇಂತಹದೇ ಒಂದು ಮಾತಿದೆ: ಸಾರದಲ್ಲೇ ಇರುವ ಹಾರ್ಮೋನುಗಳನ್ನು ಅಳೆದಾಗ ಅವು ಪರಿಣಾಮವನ್ನು ವಿವರಿಸಲು ಸಾಲದಷ್ಟು ಅಲ್ಪವಾಗಿದ್ದವು, ಬದಲಾದದ್ದು ಗಿಡದ ಸ್ವಂತ ಹಾರ್ಮೋನುಗಳ ಲೆಕ್ಕ. ಅಂದರೆ ಡಬ್ಬಿಯೊಳಗಿನ ವಸ್ತು ಬೇರನ್ನು ಕಟ್ಟುವುದಿಲ್ಲ, ಗಿಡವೇ ಕಟ್ಟುವಂತೆ ಎಬ್ಬಿಸುತ್ತದೆ. ಕಟ್ಟುವ ಸಾಮಾನು, ಎಂದರೆ ನೀರು, ಸಾರಜನಕ, ರಂಜಕ ಮತ್ತು ಎಲೆಯ ಸಕ್ಕರೆ, ಮೊದಲೇ ಇರಬೇಕು. ಸುದ್ದಿ ಅತಿಯಾದರೂ ಕೆಡುತ್ತದೆ. ಪ್ರಮಾಣ ಒಂದು ಮಿತಿ ದಾಟಿದ ಮೇಲೆ ಲಾಭ ಇಳಿಯುವುದು, ಕೆಲವೊಮ್ಮೆ ಬೇರು ಇನ್ನೂ ಗಿಡ್ಡವಾಗುವುದು ಇಂತಹ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಎರೆಮಣ್ಣಿನಲ್ಲಿ ಬೇರಿನ ಬೆಲೆ

ಬೆಳಗಾವಿಯ ಪೂರ್ವ ಭಾಗ, ಬಾಗಲಕೋಟೆ, ವಿಜಯಪುರಗಳ ಎರೆಮಣ್ಣಿನಲ್ಲಿ ಬೇರಿನ ವಿಸ್ತಾರ ಏಕೆ ಇಷ್ಟು ಮುಖ್ಯ ಎಂಬುದಕ್ಕೆ ಉತ್ತರ ರಂಜಕದಲ್ಲಿದೆ. ಸುಣ್ಣದ ಅಂಶ ಹೆಚ್ಚಿರುವ, ಕ್ಷಾರಗುಣದ ಈ ಮಣ್ಣಿಗೆ ಹಾಕಿದ ರಂಜಕ ಬೇಗನೆ ಕ್ಯಾಲ್ಸಿಯಂ ಜೊತೆ ಬೆಸೆದುಕೊಂಡು ಇದ್ದಲ್ಲೇ ಕೂರುತ್ತದೆ. ಸಾರಜನಕದ ಹಾಗೆ ನೀರಿನೊಂದಿಗೆ ಅದು ಬೇರಿನ ಬಳಿಗೆ ಹರಿದು ಬರುವುದಿಲ್ಲ. ಕೆಲವೇ ಮಿಲಿಮೀಟರ್ ಸರಿಯುವುದೂ ಅದಕ್ಕೆ ಕಷ್ಟ. ಆದ್ದರಿಂದ ಬೇರೇ ಅದರ ಬಳಿಗೆ ಹೋಗಬೇಕಾಗುತ್ತದೆ, ಕವಲುಗಳು ಹೆಚ್ಚಿದಷ್ಟೂ ಮುಟ್ಟುವ ಮಣ್ಣು ಹೆಚ್ಚು. ಜೊತೆಗೆ, ಬೇಸಿಗೆಯಲ್ಲಿ ಎರೆಭೂಮಿ ಬಿರಿದಾಗ ಬಿರುಕಿಗೆ ಅಡ್ಡವಾಗಿದ್ದ ಎಳೆಬೇರುಗಳು ಹರಿದುಹೋಗುತ್ತವೆ, ಮಳೆಯಾದ ಮೇಲೆ ಗಿಡ ಅವನ್ನು ಹೊಸದಾಗಿ ಕಟ್ಟಬೇಕು.

ಇನ್ನೊಂದೆಡೆ, ಕೃಷ್ಣೆ ಮತ್ತು ಘಟಪ್ರಭೆಯ ನೀರಾವರಿ ಪ್ರದೇಶಗಳಲ್ಲಿ ಸವಳು ಜವಳು ಹಿಡಿದ ಹೊಲಗಳಿವೆ. ಅಲ್ಲಿ ಬೇರು ಕುಗ್ಗುವುದು ಉಪ್ಪು ಮತ್ತು ನಿಂತ ನೀರಿನಿಂದ. ಕಡಲಕಳೆಯ ಸಾರಗಳು ಉಪ್ಪಿನ ಒತ್ತಡವನ್ನು ತಾಳಲು ಸಸಿಗಳಿಗೆ ನೆರವಾದದ್ದು ಪ್ರಯೋಗಗಳಲ್ಲಿ ಕಂಡಿದೆಯಾದರೂ, ಬಸಿಗಾಲುವೆ ತೋಡದ ಹೊಲದಲ್ಲಿ ಉಸಿರುಗಟ್ಟಿದ ಬೇರಿಗೆ ಯಾವ ಸುದ್ದಿ ಹೇಳಿಯೂ ಪ್ರಯೋಜನವಿಲ್ಲ. ಕಬ್ಬಿಗೆ ಗೊಣ್ಣೆ ಹುಳು, ದಾಳಿಂಬೆಗೆ ಸೊರಗು ರೋಗ ಬಿದ್ದಾಗಲೂ ಇದೇ ಮಾತು. ಅವು ಬೇರನ್ನು ತಿನ್ನುವ, ಕೊಲ್ಲುವ ಕಾರಣಗಳು. ಟಾನಿಕ್ ಅವಕ್ಕೆ ಔಷಧಿಯಲ್ಲ, ಕಾನೂನಿನಲ್ಲೂ ಜೈವಿಕ ಉತ್ತೇಜಕ ಎಂಬ ವರ್ಗದಿಂದ ಕೀಟನಾಶಕಗಳನ್ನು ಹೊರಗಿಟ್ಟಿದ್ದಾರೆ.

ಡಬ್ಬಿಯೊಳಗೆ ಬೆರೆತಿರುವುದು

ಪ್ರಯೋಗಾಲಯದ ತುಂಡು ಸಕ್ಕರೆ ಶುದ್ಧ ವಸ್ತು. ಅಂಗಡಿಯ ಸಾರ ಹಾಗಲ್ಲ. ಅದರಲ್ಲಿ ಒಡೆದ ಮತ್ತು ಒಡೆಯದ ಸರಪಣಿಗಳು, ಮ್ಯಾನಿಟಾಲ್ ಎಂಬ ಸಕ್ಕರೆಯಂತಹ ವಸ್ತು, ಪೊಟ್ಯಾಶ್, ಸ್ವಲ್ಪ ಅಮೈನೋ ಆಮ್ಲ, ಕಡಲಿನ ಉಪ್ಪು ಎಲ್ಲವೂ ಇರುತ್ತವೆ. ಕ್ಷಾರದಲ್ಲಿ ಬೇಯಿಸಿದ ಸಾರದ ಪೊಟ್ಯಾಶಿನಲ್ಲಿ ಒಂದು ಪಾಲು ಆ ಕ್ಷಾರದಿಂದಲೇ ಬಂದದ್ದು. ಹಿಂಡಿದ ಕಪ್ಪಾಫೈಕಸ್ ರಸದಲ್ಲಿ ಉದ್ದ ಸರಪಣಿಯ ಪಾಲು ಕಡಿಮೆ, ಏಕೆಂದರೆ ಅದು ಸಿಪ್ಪೆಯಲ್ಲಿ ಉಳಿಯಿತು. ಹೀಗಾಗಿ ‘ಕಡಲಕಳೆಯ ಸಾರ’ ಎಂಬ ಒಂದೇ ಹೆಸರಿನ ಎರಡು ಡಬ್ಬಿಗಳು ಬೆಲ್ಲ ಮತ್ತು ಕಾಕಂಬಿಯಷ್ಟು ಬೇರೆಯಾಗಿರಬಹುದು. ಲೇಬಲ್ಲಿನಲ್ಲಿ ಕಳೆಯ ಜಾತಿ ಯಾವುದು, ಸಾರದ ಪ್ರಮಾಣ ನೂರಕ್ಕೆ ಎಷ್ಟು, ಯಾವ ಬೆಳೆಗೆ ಎಂದು ಬರೆದಿದೆ ಎಂಬುದನ್ನು ಓದುವುದು, ಮುಂಭಾಗದ ಬೇರಿನ ಚಿತ್ರವನ್ನು ನೋಡುವುದಕ್ಕಿಂತ ಹೆಚ್ಚು ಉಪಯುಕ್ತ.

ಡ್ರಿಪ್ಪಿನಲ್ಲಿ ಲೋಳೆ

ಆಲ್ಜಿನೇಟ್ ಮತ್ತು ಕ್ಯಾಲ್ಸಿಯಂ ಸೇರಿದರೆ ಏನಾಗುತ್ತದೆ ಎಂಬುದನ್ನು ಮನೆಯಲ್ಲೇ ನೋಡಬಹುದು. ನಾನು ಅಡುಗೆಮನೆಯಲ್ಲಿ ಸೋಡಿಯಂ ಆಲ್ಜಿನೇಟಿನ ಪುಡಿಯನ್ನು ನೀರಿನಲ್ಲಿ ಕಲಸಿ, ಇನ್ನೊಂದು ಲೋಟದಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ, ಮೊದಲನೆಯದನ್ನು ಎರಡನೆಯದಕ್ಕೆ ಹನಿಹನಿಯಾಗಿ ಬಿಟ್ಟೆ. ಬಿದ್ದ ಪ್ರತಿ ಹನಿಯೂ ಸಾಬೂದಾನಿ ಬೆಂದಂತೆ ಗುಂಡಗಿನ, ಮೆತ್ತಗಿನ ಮಣಿಯಾಗಿ ತಳದಲ್ಲಿ ಕೂತಿತು. ಎಷ್ಟು ಕಲಕಿದರೂ ಮತ್ತೆ ಕರಗಲಿಲ್ಲ. ಆ ಲೋಟವನ್ನು ಮನೆಯವರು ಮತ್ತೆ ಬಳಕೆಗೆ ತೆಗೆದುಕೊಳ್ಳಲಿಲ್ಲ.

ದ್ರಾಕ್ಷಿ, ದಾಳಿಂಬೆಗೆ ಡ್ರಿಪ್ಪಿನಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಬಿಡುವ ರೂಢಿ ಇರುವುದರಿಂದ, ಉದ್ದ ಸರಪಣಿ ಉಳಿದಿರುವ ಸಾರವನ್ನು ಅದೇ ಟ್ಯಾಂಕಿಗೆ ಸುರಿದರೆ ಲೋಟದಲ್ಲಿ ಆದದ್ದೇ ಡ್ರಿಪ್ಪರಿನ ಬಾಯಲ್ಲೂ ಆಗಬಹುದು. ನಮ್ಮ ಕಡೆಯ ಅನೇಕ ಬೋರ್‌ವೆಲ್‌ಗಳ ಗಡಸು ನೀರಿನಲ್ಲೂ ಕ್ಯಾಲ್ಸಿಯಂ ಇದೆ. ಚೆನ್ನಾಗಿ ಒಡೆದ ತುಂಡು ಸಕ್ಕರೆ ಹೀಗೆ ಗಟ್ಟಿಯಾಗುವುದಿಲ್ಲ, ಏಕೆಂದರೆ ಜಾಲ ಹೆಣೆಯಲು ಬೇಕಾದಷ್ಟು ಉದ್ದ ಅದಕ್ಕಿಲ್ಲ. ಟ್ಯಾಂಕಿಗೆ ಹಾಕುವ ಮೊದಲು ಅದೇ ನೀರು, ಅದೇ ಗೊಬ್ಬರದೊಂದಿಗೆ ಒಂದು ಬಾಟಲಿಯಲ್ಲಿ ಕಲಸಿ ಅರ್ಧ ಗಂಟೆ ಇಟ್ಟು ನೋಡಿದರೆ ಸಾಕು.

ಬೇರು ತೊಳೆದು ನೋಡುವುದು

ಎಲೆಯ ಹಸಿರು ನೋಡಿ ಬೇರಿನ ಟಾನಿಕ್ ಕೆಲಸ ಮಾಡಿತು ಎನ್ನುವುದು ಸರಿಯಲ್ಲ; ಎಲೆ ಹಸಿರಾಗಲು ಜೊತೆಗೆ ಹಾಕಿದ ಯೂರಿಯಾ ಸಾಕು. ಕಬ್ಬಿನ ಸಸಿ ಬೆಳೆಸುವವರಿಗೆ ಪರೀಕ್ಷೆ ಸುಲಭ. ಒಂದೇ ಹೊಲದ, ಒಂದೇ ವಯಸ್ಸಿನ ಕಬ್ಬಿನಿಂದ ಒಂಟಿ ಕಣ್ಣಿನ ತುಂಡುಗಳನ್ನು ತೆಗೆದು, ಎರಡು ಟ್ರೇಗಳಲ್ಲಿ ಒಂದೇ ಕೋಕೊಪೀಟಿನಲ್ಲಿ ಇಟ್ಟು, ಒಂದಕ್ಕೆ ಲೇಬಲ್ ಹೇಳಿದ ಪ್ರಮಾಣದ ಸಾರವನ್ನು, ಇನ್ನೊಂದಕ್ಕೆ ಅಷ್ಟೇ ಅಳತೆಯ ಬರೀ ನೀರನ್ನು ಕೊಡಬೇಕು. ಸಾರದ ಪೊಟ್ಯಾಶೇ ಕೆಲಸ ಮಾಡಿತೋ ಎಂಬ ಅನುಮಾನವಿದ್ದರೆ, ಸಾರದಲ್ಲಿರುವಷ್ಟೇ ಪೊಟ್ಯಾಶನ್ನು ನೀರಿನಲ್ಲಿ ಕೊಟ್ಟ ಮೂರನೆಯ ಟ್ರೇ ಬೇಕಾಗುತ್ತದೆ. ಟ್ರೇಗಳ ಜಾಗವನ್ನು ದಿನ ಬಿಟ್ಟು ದಿನ ಅದಲುಬದಲು ಮಾಡದಿದ್ದರೆ ಬಿಸಿಲಿನ ಕಡೆಯ ಟ್ರೇ ಗೆಲ್ಲುತ್ತದೆ, ಸಾರವಲ್ಲ.

ನಾಲ್ಕು ವಾರದ ನಂತರ ಪ್ರತಿ ಟ್ರೇಯಿಂದ ಹತ್ತು ಸಸಿಗಳನ್ನು ಆರಿಸದೆ, ಸಾಲಾಗಿ ತೆಗೆಯಬೇಕು. ಆರಿಸಲು ಹೊರಟರೆ ಕೈ ತಾನಾಗಿಯೇ ಚೆಂದದ ಸಸಿಯ ಕಡೆಗೆ ಹೋಗುತ್ತದೆ. ಮೊಳಕೆಯ ಬುಡದಿಂದ ಬಂದ ದಪ್ಪ ಬಿಳಿ ಬೇರುಗಳನ್ನು ಎಣಿಸಿ, ಅತಿ ಉದ್ದದ್ದನ್ನು ಅಳೆದು, ಒಂದು ಬೇರಿನ ಮೇಲೆ ಎಷ್ಟು ಕವಲುಗಳಿವೆ ಎಂದು ಬರೆದಿಟ್ಟುಕೊಳ್ಳಬೇಕು. ತೊಳೆಯುವಾಗ ನಲ್ಲಿಯ ಧಾರೆಗೆ ಹಿಡಿಯದೆ, ಬಕೆಟ್ಟಿನ ನೀರಿನಲ್ಲಿ ಹತ್ತು ನಿಮಿಷ ನೆನೆಯಲು ಬಿಟ್ಟು ಮೆಲ್ಲಗೆ ಅಲುಗಾಡಿಸಬೇಕು. ಇಲ್ಲದಿದ್ದರೆ ಎಣಿಸಬೇಕಾದ ಸಣ್ಣ ಕವಲುಗಳೇ ಕೋಕೊಪೀಟಿನ ಜೊತೆ ಹರಿದುಹೋಗುತ್ತವೆ.